ಹೊಲದ ಹೆಸರು

ಬಸ್ಸು ರಾಜೇಶ್ವರ ದಾಟಿದರೂ ದತ್ತಾತ್ರಿಗೆ ತನಗೆ ಏನು ಇಷ್ಟ ಎನ್ನುವುದು ಹೊಳೆಯಲಿಲ್ಲ. ತೊಡೆಯ ಮೇಲೆ ಚೀಲ, ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ನಾಲ್ಕಾಗಿ ಮಡಿಸಿದ ಹಾಳೆ. ಹೆಸರು, ಶಾಲೆ, ಸೇವೆಯ ವರ್ಷ ಇಪ್ಪತ್ತೊಂದು, ಎಲ್ಲ ತುಂಬಿಯಾಗಿತ್ತು. ಕೊನೆಯ ಸಾಲು ಮಾತ್ರ ಖಾಲಿ ಉಳಿದಿತ್ತು: 'ಈ ವರ್ಷ ನಾನು ನನಗಾಗಿ ಮಾಡುವ ಕೆಲಸ'. ಬಸವಕಲ್ಯಾಣದ ತರಬೇತಿ ಸಭೆಯಲ್ಲಿ ಇವತ್ತು ಪ್ರತಿಯೊಬ್ಬ ಶಿಕ್ಷಕನೂ ಎದ್ದು ನಿಂತು ಆ ಸಾಲನ್ನು ಓದಬೇಕಾಗಿತ್ತು. ನಿನ್ನೆ ಸಂಜೆ ಹುಮನಾಬಾದಿನ ಮನೆಯಲ್ಲಿ ಹೆಂಡತಿ ದ್ರೌಪತಿ ಪಾಲಕ ಸೊಪ್ಪು ಸೋಸುತ್ತಿದ್ದಾಗ ಅವಳ ಮುಂದೆ ಹಾಳೆ ಹಿಡಿದಿದ್ದ. 'ನಿಮಗೇನ್ ಇಷ್ಟ ಅದ? ಚಾ ಇಷ್ಟ' ಅಂದಳು. 'ಚಾ ಅಂತ ಬರೀಲಿಕ್ಕ ಬರ್ತದೇನ?' 'ಹಂಗಾರ ಮಲಗೂದು ಅಂತ ಬರೀರಿ.' ಅವಳು ಅಣಕಿಸಿರಲಿಲ್ಲ, ಯೋಚಿಸಿಯೇ ಹೇಳಿದ್ದಳು. ಅದೇ ಅವನಿಗೆ ಚುಚ್ಚಿತು. ಮಾಳಿಗೆಯ ಮೇಲೆ ಎರಡು ಕುಂಡದಲ್ಲಿ ಗುಲಾಬಿ ಹಚ್ಚಿದ್ದುಂಟು, ಅಷ್ಟರಲ್ಲಿ ಮನೆ ಮನೆ ಸಮೀಕ್ಷೆ ಬಂತು, ಗುಲಾಬಿ ಒಣಗಿತು. ಮತದಾರರ ಪಟ್ಟಿ, ಬಿಸಿಯೂಟ, ಮೊಟ್ಟೆ ತಿನ್ನುವವರು ಎಷ್ಟು, ಬಾಳೆಹಣ್ಣಿನವರು ಎಷ್ಟು, ಅದನ್ನು ಹನ್ನೊಂದು ಗಂಟೆಯೊಳಗೆ ಮೊಬೈಲಿನಲ್ಲಿ ತುಂಬುವುದು. ಇವುಗಳ ನಡುವೆ ಗಣಿತ. ಕಿಟಕಿಯಾಚೆ ಸೋಯಾ ಮೊಣಕಾಲಿನಷ್ಟು ಎದ್ದಿತ್ತು. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ದೊಡ್ಡವನಾದ ಮೇಲೆ ಏನಾಗುತ್ತೀ ಎಂದು ಒಬ್ಬೊಬ್ಬರನ್ನೂ ಕೇಳಿದ್ದರು, ಅವನ ಪಕ್ಕದವ 'ಕಂಪೌಂಡರ್' ಅಂದಿದ್ದ, ಅವನೂ 'ಕಂಪೌಂಡರ್' ಅಂದಿದ್ದ. ಕಂಪೌಂಡರ್ ಎಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಬಂಗ್ಲಾ ಕ್ರಾಸಿನ ಹತ್ತಿರ ಬಸ್ಸು ತಿರುಗುವಾಗ ಅವನು ಪೆನ್ನು ತೆಗೆದು 'ಯೋಗ' ಎಂದು ಬರೆದ.

ಸಭೆಯಲ್ಲಿ ಅವನಿಗಿಂತ ಮೊದಲು ಎದ್ದವನು ಯೋಗ ಅಂದ. ಅವನಿಗೂ ಮೊದಲಿನವಳದೂ ಯೋಗವೇ. ತರಬೇತಿ ಕೊಡಲು ಬಂದಿದ್ದ ಆಯೆಷಾ ಮೇಡಂ ವಯಸ್ಸಿನಲ್ಲಿ ಚಿಕ್ಕವಳು, ಕಣ್ಣಲ್ಲಿ ನಿಜವಾದ ಉತ್ಸಾಹವಿದ್ದವಳು, ನಕ್ಕು ಹೇಳಿದಳು: 'ಯೋಗ ಸಾಕ್ರಿ ಸರ್. ಇಲಾಖೆ ಸಲುವಾಗಿ ಅಲ್ಲ, ಮಕ್ಕಳ ಸಲುವಾಗಿನೂ ಅಲ್ಲ. ನಿಮ್ಮ ಜೀವಾ ಏನ್ ಬೇಡ್ತದ, ಅದನ್ನ ಹೇಳ್ರಿ.' ಎಲ್ಲರೂ ನಕ್ಕರು. ದತ್ತಾತ್ರಿ ಎದ್ದು ನಿಂತ. ಕೈಯಲ್ಲಿದ್ದ ಹಾಳೆಯ ಮೇಲಿನ ಎರಡಕ್ಷರ ಯಾರಿಗೂ ಕಾಣದಂತೆ ಹೆಬ್ಬೆರಳಿಟ್ಟು ಮುಚ್ಚಿದ. ನನ್ನ ಜೀವ ಏನೂ ಬೇಡುವುದಿಲ್ಲ ಎಂದು ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಫ್ಯಾನಿನ ಗಾಳಿಗೆ ಯಾರದೋ ಹಾಳೆ ಹಾರಿ ನೆಲಕ್ಕೆ ಬಿತ್ತು, ಅದನ್ನು ನೋಡುತ್ತಿದ್ದ ಹಾಗೆಯೇ ಬಾಯಿ ತಾನಾಗಿ ಆಡಿತು. 'ಹೊಲಗಳ ಹೆಸರು ಕೂಡಸಾಕತ್ತೇನ್ರಿ.' 'ಅಂದ್ರ?' 'ಊರಾಗ ಒಂದೊಂದ್ ಹೊಲಕ್ಕ ಒಂದೊಂದ್ ಹೆಸರು ಇರ್ತದಲ್ರಿ. ಸರ್ವೇ ನಂಬರ್ ಅಲ್ಲ, ಜನಾ ಕರಿಯೂದು. ಸೊಸಿಪಟ್ಟಿ. ಕುದರಿಮಡು. ಮೂರಮೂಲಿ. ಉಪಾಸ ಹೊಲ.' 'ಉಪಾಸ ಹೊಲ! ಯಾಕ್ರಿ ಆ ಹೆಸರು?' ಅವನಿಗೆ ಗೊತ್ತಿರಲಿಲ್ಲ. 'ಬೆಳಿ ಬರೂದಿಲ್ರಿ ಅದರಾಗ' ಅಂದ. ಹಾಲ್ ತುಂಬ ಒಂದು ಸಣ್ಣ ಉಸಿರು ಎದ್ದಿತು, ಆಯೆಷಾ ಮೇಡಂ ಚಪ್ಪಾಳೆ ತಟ್ಟಿದಳು, ಹಿಂದೆಯೇ ಉಳಿದವರು. ಯಾರಾದರೂ ತನಗೆ ಚಪ್ಪಾಳೆ ತಟ್ಟಿ ಎಷ್ಟು ವರ್ಷವಾಯಿತೆಂದು ಅವನು ನೆನಪಿಸಿಕೊಳ್ಳಲು ನೋಡಿದ.

ಆ ಹೆಸರುಗಳು ಸರಿತಾಳವು. ಮೋರಖಂಡಿಯ ಆಚೆಗಿನ ಸಣ್ಣ ಊರಿನಲ್ಲಿ ಅವನ ಶಾಲೆ. ಸರಿತಾ ಅದೇ ಊರಿನವಳು, ಅದೇ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ವಯಸ್ಸು ಇಪ್ಪತ್ತಾರು. ಪ್ರತಿ ಜೂನಿನಲ್ಲಿ ಅವಳ ನೌಕರಿ ಹೊಸದಾಗಿ ಹುಟ್ಟಿ ಮಾರ್ಚಿನಲ್ಲಿ ಸಾಯುತ್ತಿತ್ತು. ಇಂಥ ಸಭೆಗಳಿಗೆ ಅವಳಿಗೆ ಕರೆ ಇರುತ್ತಿರಲಿಲ್ಲ. ಎರಡು ವಾರದ ಹಿಂದೆ ಮಳೆಗೆ ಸಿಕ್ಕಿ ಇಬ್ಬರೂ ಶಾಲೆಯಲ್ಲೇ ಉಳಿದಿದ್ದರು. ಅವಳು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು, ಅವನು ಬೇಜಾರಿಗೆ ಕೇಳಿದ್ದ. 'ನಮ್ಮ ಊರ ಹೊಲಗಳ ಹೆಸರ್ರಿ ಸರ್. ನಮ್ಮವ್ವಗ ಎಲ್ಲಾ ಗೊತ್ತವ. ಆಕಿ ಹೇಳ್ತಾಳ, ನಾ ಬರೀತೀನಿ.' ಅವನು ನೋಟ್‌ಬುಕ್ ತಿರುವಿ ನೋಡಿದ್ದ. 'ಇದರಾಗ ನಿಮ್ಮವು ಎಷ್ಟವ?' 'ಒಂದೂ ಇಲ್ರಿ. ಎಲ್ಲಾ ಮಂದೀವು. ಅವ್ವ ಕೂಲಿ ಹೋಗೂವು.' ಅವನು ನಕ್ಕಿದ್ದ. 'ಹೊಲಾನೇ ಇಲ್ಲ, ಹೆಸರು ತಗೊಂಡು ಏನ್ ಮಾಡ್ತೀರಿ?' ಅವಳು ನೋಟ್‌ಬುಕ್ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡು ಮಳೆ ನಿಲ್ಲುವವರೆಗೆ ಕೂತಿದ್ದಳು. ಈಗ ಹುಮನಾಬಾದಿಗೆ ಹಿಂದಿರುಗುವ ಬಸ್ಸಿನಲ್ಲಿ ಆ ಕೈ ನೆನಪಾಯಿತು. ಆದರೂ ಒಳಗೆಲ್ಲೋ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅವನು ಎರಡನ್ನೂ ಹೊತ್ತುಕೊಂಡೇ ಇಳಿದ. ಮನೆಯಲ್ಲಿ ದ್ರೌಪತಿ ಕೇಳಿದಳು, 'ಏನ್ ಬರದ್ರಿ ಕಡೀಕ?' 'ಹೊಲದ ಹೆಸರು.' 'ಹೆಸರ? ಹೆಸರಕಾಳಾ?' ಅವನು ಜೋರಾಗಿ ನಕ್ಕ. ಅವಳು ಅವನ ಮುಖವನ್ನೇ ನೋಡಿದಳು, ಇವತ್ತು ಏನಾಗಿದೆ ಇವನಿಗೆ ಅನ್ನುವಂತೆ.

ಸರಿತಾಳಿಗೆ ತಾನೇ ಮೊದಲು ಹೇಳಬೇಕು ಎಂದು ಅಂದುಕೊಂಡೇ ಮರುದಿನ ಶಾಲೆಗೆ ಹೊರಟ. ಆದರೆ ಬಸವಕಲ್ಯಾಣದಿಂದ ಹತ್ತಿದ ಟಂಟಂ ಆಟೋ ತಡವಾಗಿ, ಅವನು ಮುಟ್ಟುವಾಗ ಪ್ರಾರ್ಥನೆ ನಡೆದಿತ್ತು. ಹೆಡ್‌ಮಾಸ್ತರ್ ಮಹೆಬೂಬ ಸರ್ ಕಟ್ಟೆಯ ಮೇಲೆ ನಿಂತು, ನಮ್ಮ ಶಾಲೆಗೆ ಹೆಮ್ಮೆಯ ಸಂಗತಿ, ದತ್ತಾತ್ರಿ ಸರ್ ಅವರು ಹೊಲಗಳ ಹೆಸರನ್ನು ಸಂಗ್ರಹಿಸುವ ಅಪರೂಪದ ಕೆಲಸಕ್ಕೆ ಕೈಹಾಕಿದ್ದಾರೆ, ಆಯೆಷಾ ಮೇಡಂ ಅವರನ್ನು ಆರಿಸಿದ್ದಾರೆ, ಮುಂದಿನ ತಿಂಗಳು ಹುಮನಾಬಾದಿನಲ್ಲಿ ಶಿಕ್ಷಕರ ದೊಡ್ಡ ಕಾರ್ಯಕ್ರಮದಲ್ಲಿ ಮಾತಾಡುತ್ತಾರೆ ಎಂದು ಹೇಳುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆರನೆಯ ತರಗತಿಯ ಸಾಲಿನ ಹಿಂದೆ ನಿಂತಿದ್ದ ಸರಿತಾಳೂ ತಟ್ಟಿದಳು. ಅವಳು ಅವನ ಕಡೆ ನೋಡಲಿಲ್ಲ; ಒಂದು ಮಗುವಿನ ಬಿಚ್ಚಿದ ಗುಂಡಿಯನ್ನು ಹಾಕತೊಡಗಿದಳು. ಆಮೇಲೆ ನಾಲ್ಕು ಪಿರಿಯಡ್ ಅವನು ಭಿನ್ನರಾಶಿ ಕಲಿಸಿದ, ಛೇದ ಅಂಶಗಳನ್ನು ಎರಡು ಸಲ ಅದಲುಬದಲು ಬರೆದ, ಮಕ್ಕಳೇ ತಿದ್ದಿದರು. ಊಟದ ಬಿಡುವಿನಲ್ಲಿ ಅವನು ಒಬ್ಬನೇ ಕೂತಿದ್ದಾಗ ಅವಳು ಬಂದು ನೋಟ್‌ಬುಕ್ಕನ್ನು ಡಬ್ಬಿಯ ಪಕ್ಕ ಇಟ್ಟಳು.

'ತಗೊಳ್ರಿ ಸರ್. ನಿಮಗ ಬೇಕಾಗ್ತದ.'

'ಸರಿತಾ, ನಾ ನಿನ್ನೆ...' ಅವನು ಡಬ್ಬಿಯ ಮುಚ್ಚಳ ಹಾಕಿದ. 'ಬಾಯಾಗ ಬಂದುಬಿಡ್ತವ್ವಾ. ನಿಮ್ಮ ಹೆಸರು ಹಾಕೇ ಹಾಕ್ತೀನಿ.'

'ಇರ್ಲಿ ಸರ್. ನಾ ಹೇಳಿದ್ರ ಯಾರ ಕೇಳ್ತಾರ್ರಿ? ನೀವು ಹೇಳಿದ್ರ ಕೇಳ್ತಾರ.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅವನು ಹುಡುಕಿದ, ಇರಲಿಲ್ಲ. 'ಒಂದು ಮಾತ್ರ ತಪ್ಪ್ ಹೇಳೀರಂತ. ಉಪಾಸ ಹೊಲದಾಗ ಬೆಳಿ ಬರ್ತದರಿ, ಚಲೋ ಬರ್ತದ. ಆ ಮಾಲಕರು ಕೂಲಿಯವರಿಗೆ ಮಧ್ಯಾಹ್ನ ಊಟಕ್ಕ ಬಿಡ್ತಿರಲಿಲ್ಲ. ಅದಕ್ಕ ಹೆಣ್ಮಕ್ಕಳು ಇಟ್ಟ ಹೆಸರು ಅದು.'

ಅವನು ಬೇಡವೆನ್ನಬಹುದಿತ್ತು. ನೋಟ್‌ಬುಕ್ಕನ್ನು ಹಿಂದಕ್ಕೆ ಸರಿಸಿದ್ದರೆ ಅಷ್ಟೇ ಸಾಕಿತ್ತು, ಟೇಬಲ್ಲಿನ ಮೇಲೆ ಒಂದು ಗೇಣು. ಅವನು ಅದನ್ನು ಚೀಲದೊಳಗಿಟ್ಟುಕೊಂಡ.

ಕಾರ್ಯಕ್ರಮಕ್ಕೆ ಇನ್ನಷ್ಟು ಹೆಸರು ಬೇಕಾಗಿದ್ದುದರಿಂದ ರವಿವಾರ ಅವನೂ ಸರಿತಾಳೂ ಅವಳ ತಾಯಿ ಸರುಬಾಯಿಯ ಜೊತೆ ಹೊಲಗಳ ಕಡೆ ಹೋದರು. ರಜೆಯ ದಿನ ಹುಮನಾಬಾದಿನಿಂದ ಎರಡು ಗಾಡಿ ಬದಲಿಸಿ ಬರುವಾಗ ಅವನಿಗೆ ಇದೊಂದು ಶಿಕ್ಷೆಯಂತೆ ಕಂಡಿತ್ತು, ಮುಗಿಸಿಬಿಟ್ಟರೆ ಸಾಕು ಅನ್ನಿಸಿತ್ತು. ಸರುಬಾಯಿ ಸಣ್ಣ ಆಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬದುವಿನ ಮೇಲೆ ಅವನಿಗಿಂತ ಬೇಗ ನಡೆಯುತ್ತಿದ್ದಳು. ಕೈಯೆತ್ತಿ ತೋರಿಸುತ್ತಿರಲಿಲ್ಲ, ಗದ್ದ ಸ್ವಲ್ಪ ಎತ್ತಿ ಹೇಳುತ್ತಿದ್ದಳು. 'ಇದು ಅತ್ತಿಮಾಳ್ರಿ. ಇದು ಸೊಸಿಪಟ್ಟಿ. ಒಂದೇ ಇತ್ತು, ಅತ್ತಿ ಸೊಸಿ ಜಗಳಾಡಿ ಪಾಲಾದ್ರು. ಅಕಾ ಅದು ಹೂಂಗಲ್ಲು. ಅಲ್ಲಿ ಬಿಸಲಾಗ ನೀವು ಏನ್ ಕೇಳಿದ್ರೂ ಆಳು ಹೂಂ ಅಂತಾವ, ಮಾತಾಡಾಕ ತ್ರಾಣ ಇರೂದಿಲ್ಲ.' ಅವಳು ನಕ್ಕಳು, ಅವನೂ ನಕ್ಕ. ಯಾವಾಗ ಅವಳ ಹಿಂದೆ ಓಡುತ್ತಾ ಬರೆಯತೊಡಗಿದನೋ ಅವನಿಗೇ ತಿಳಿಯಲಿಲ್ಲ. ತೊಗರಿಯ ಸಾಲುಗಳ ನಡುವೆ ಎರೆಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಗಿತ್ತು, ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದ. ಇಪ್ಪತ್ತೊಂದು ವರ್ಷ ಈ ಹೊಲಗಳ ಪಕ್ಕವೇ ಟಂಟಂನಲ್ಲಿ ಹೋಗಿದ್ದೇನೆ, ನನಗೆ ಇದು ಬರೀ ಹಸಿರಾಗಿತ್ತು. ಈಗ ಪ್ರತಿ ಬದುವಿನಾಚೆ ಯಾರೋ ನಿಂತು ಕರೆಯುವಂತಿತ್ತು. ಎದೆಯಲ್ಲಿ ಒಂದು ಹಗುರು, ಚಿಕ್ಕಂದಿನಲ್ಲಿ ಹೊಸ ಸೈಕಲ್ ಸಿಕ್ಕ ದಿನದಂಥದ್ದು. ಇದು ನನಗೆ ಇಷ್ಟ, ಎಂದು ಅವನು ತನಗೇ ಹೇಳಿಕೊಂಡ, ಮತ್ತು ಹೇಳಿಕೊಂಡ ಕ್ಷಣದಲ್ಲೇ ಮುಂದೆ ನಡೆಯುತ್ತಿದ್ದ ಸರಿತಾಳ ಬೆನ್ನು ಕಂಡಿತು. ನಲವತ್ತೇಳನೆಯ ವಯಸ್ಸಿನಲ್ಲಿ ಕೊನೆಗೊಂದು ಇಷ್ಟ ಸಿಕ್ಕಿತ್ತು, ಅದು ಇನ್ನೊಬ್ಬರದಾಗಿತ್ತು.

ಹಳ್ಳದ ಹತ್ತಿರ ಒಂದು ಜಾಲಿಮರದ ಹೊಲ ಬಂದಾಗ ಸರುಬಾಯಿ ನಿಂತಳು. 'ಇದು ಬಾಳಂತಿಪಟ್ಟಿ.' 'ಯಾಕ್ರವ್ವಾ?' ಅವಳು ಮಗಳ ಕಡೆ ಗದ್ದ ಎತ್ತಿದಳು. 'ಇಕಿ ಇಲ್ಲೇ ಹುಟ್ಟ್ಯಾಳ್ರಿ, ಆ ಗಿಡದ ಬುಡಕ. ಕಸಾ ತಗ್ಯಾಕ ಬಂದಿದ್ದೆ. ಜೋಡಿ ಇದ್ದ ಹೆಣ್ಮಕ್ಕಳು ಸೀರಿ ಅಡ್ಡ ಹಿಡದ್ರು. ಅವತ್ತಿಂದ ಹಂಗ ಕರೀತಾರ.' ಸರಿತಾ ಬೇರೆ ಕಡೆ ನೋಡುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಈ ಹೆಸರು ಇರಲಿಲ್ಲ. ಅವನು ಪೆನ್ನು ಊರಿದಾಗ ಅವಳು ಮೆಲ್ಲಗೆ ಅಂದಳು, 'ಇದನ್ನ ಬರಕೋಬ್ಯಾಡ್ರಿ ಸರ್. ಶಾಲ್ಯಾಗ ಹುಡುಗೂರ ಮುಂದ ನಿಂದರಬೇಕ್ರಿ ನಾನು.' 'ಇಲ್ಲವ್ವಾ, ಬರಿಯೂದಿಲ್ಲ' ಅಂದ. ನಿಜವಾಗಿಯೂ ಬರೆಯಲಿಲ್ಲ.

ಮುಂದಿನ ಮೂರು ರವಿವಾರವೂ ಅವನು ಹೋದ. ದ್ರೌಪತಿ ಮಾಣಿಕನಗರದ ಗುಡಿಗೆ ಒಬ್ಬಳೇ ಹೋಗಿ ಬಂದಳು. ಗಂಡನ ಪ್ಯಾಂಟಿನ ಅಂಚಿಗೆ ಹತ್ತಿದ ಎರೆಮಣ್ಣು ಉಜ್ಜಿದರೂ ಹೋಗದು ಎಂದಷ್ಟೇ ಹೇಳಿದಳು. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಹೆಸರುಗಳು ಸಾಲಾಗಿ ಬರುತ್ತಿದ್ದವು. ಒಂದು ದಿನ ಹುಮನಾಬಾದಿನ ಕಾರ್ಯಕ್ರಮದ ಅರ್ಜಿ ತುಂಬುವಾಗ ಅವನು ತನ್ನ ಹೆಸರಿನ ಕೆಳಗೆ ಸರಿತಾಳ ಹೆಸರನ್ನೂ ಬರೆದ. ಮಹೆಬೂಬ ಸರ್ ಕನ್ನಡಕ ಏರಿಸಿ ನೋಡಿದರು. 'ದತ್ತಾತ್ರಿ, ಅತಿಥಿ ಶಿಕ್ಷಕರಿಗೆ ಇದರಾಗ ಜಾಗಾ ಇಲ್ಲಪ್ಪಾ. ಎರಡ ಹೆಸರು ಹಾಕಿದ್ರ ಅರ್ಜಿ ವಾಪಸ್ ಬರ್ತದ. ಬೇಕಾದ್ರ ಅಲ್ಲಿ ಮಾತಾಡೂ ಮುಂದ ಆಕೀದೂ ಹೆಸರು ಹೇಳು, ಖುಷಿ ಪಡ್ತಾಳ.' ಒಂದು ಮಾತಾದರೂ ವಾದ ಮಾಡಬಹುದಿತ್ತು. ಅವನು 'ಹೌದ್ರಿ' ಅಂದ. ಅಂದಾಗ ಒಳಗೆ ಹಗುರಾದದ್ದನ್ನು ಗಮನಿಸಿದ, ಗಮನಿಸಿ ಕಸಿವಿಸಿಗೊಂಡ. ಸರಿತಾಳಿಗೆ ತಾನೇ ಹೋಗಿ ಹೇಳಿದ: 'ನೀವೂ ಬರ್ರಿ ಹುಮನಾಬಾದಿಗೆ. ಮೊದಲ ಮಾತೇ ನಿಮ್ಮ ಹೆಸರು ಹೇಳ್ತೀನಿ.' ಅವಳು ಬರ್ತೀನ್ರಿ ಅಂದಳು.

ಹುಮನಾಬಾದಿನ ಸಭಾಂಗಣ ತುಂಬಿತ್ತು. ಬೆಳಿಗ್ಗೆಯಿಂದ ಹದಿನಾರು ಜನ ಮಾತಾಡಿಯಾಗಿತ್ತು, ಊಟದ ಹೊತ್ತು ಸಮೀಪಿಸಿ ಹಿಂದಿನ ಸಾಲಿನವರು ಮೊಬೈಲ್ ನೋಡುತ್ತಿದ್ದರು. ಸರಿತಾ ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ನೀಲಿ ಸೀರೆಯಲ್ಲಿ ಕೂತಿದ್ದಳು. ದತ್ತಾತ್ರಿ ಮೈಕಿನ ಮುಂದೆ ನಿಂತ. ಮೊದಲ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಮೈಕು ಕೀರಲು ದನಿಯಲ್ಲಿ ಕೂಗಿತು, ಯಾರೋ ಬಂದು ಸರಿಮಾಡಿದರು, ಐದೇ ನಿಮಿಷ ಸರ್ ಎಂದು ಪಿಸುಗುಟ್ಟಿದರು, ಅವನು ಗಾಬರಿಯಲ್ಲಿ ನೇರ ಹೆಸರುಗಳಿಗೆ ಹೋದ. ಆಮೇಲೆ ಹೇಳಿದರಾಯಿತು. ಅತ್ತಿಮಾಳ, ಸೊಸಿಪಟ್ಟಿ. ಮುಂದಿನ ಸಾಲಿನ ಒಬ್ಬರು ಆಕಳಿಸಿದರು. ಕುದರಿಮಡು. ಹಿಂದೆ ಯಾರದೋ ಫೋನು ಹಾಡಿತು. ತಾನು ಕೈಯಲ್ಲಿ ಹಿಡಿದು ತಂದದ್ದು ಇವರಿಗೆ ಬರೀ ಪಟ್ಟಿಯಂತೆ ಕಾಣುತ್ತಿದೆ, ಮತದಾರರ ಪಟ್ಟಿಯಂತೆ, ಎಂದು ಅವನಿಗೆ ತಳಮಳವಾಯಿತು. ಹೀಗಲ್ಲ, ಇವು ಹೀಗಲ್ಲ, ಇವರಿಗೆ ತಿಳಿಸಬೇಕು. ಆಗ ಅವನು ಹೇಳಿದ: 'ಒಂದು ಹೊಲಕ್ಕ ಬಾಳಂತಿಪಟ್ಟಿ ಅಂತಾರ. ಕಸಾ ತಗ್ಯಾಕ ಬಂದ ಒಬ್ಬ ಕೂಲಿ ಹೆಣ್ಮಗಳು ಅಲ್ಲೇ ಜಾಲಿಗಿಡದ ಬುಡಕ ಹಡದಳು. ಜೋಡಿಯವರು ಸೀರಿ ಅಡ್ಡ ಹಿಡದ್ರು.' ಫೋನುಗಳು ಕೆಳಗಿಳಿದವು. ಆಕಳಿಸಿದವರು ಮುಂದಕ್ಕೆ ಬಾಗಿದರು. ಇಡೀ ಸಭೆ ತನ್ನ ಕಡೆ ತಿರುಗಿದ್ದನ್ನು ಅವನು ಮೈಯಲ್ಲೆಲ್ಲ ಅನುಭವಿಸಿದ. ಆ ಎರಡು ನಿಮಿಷ ಅವನಷ್ಟು ಸುಖಿ ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲ ಕಡೆ ನೋಡಲಿಲ್ಲ. ಸಮಯ ಮುಗಿದ ಗಂಟೆ ಹೊಡೆಯಿತು.

ಆಯೆಷಾ ಮೇಡಂ ಎದ್ದಳು, ಕಣ್ಣು ಒದ್ದೆಯಾಗಿತ್ತು. 'ಒಂದೇ ಪ್ರಶ್ನಿ ಸರ್. ಇಂಥಾ ವಿಚಾರ ನಿಮಗ ಹ್ಯಾಂಗ ಹೊಳೀತ್ರಿ?'

ಈಗ ಅವನು ಬಾಗಿಲ ಕಡೆ ನೋಡಿದ. ಸರಿತಾ ತಲೆ ತಗ್ಗಿಸಿದ್ದಳು. ಬಿಸಿ ನೀರು ಎರೆದಂತೆ ಅವನ ಕಿವಿ ಕಾದವು. 'ನನಗ ಹೊಳೀಲಿಲ್ರಿ' ಅಂದ. 'ಇದು ನಂದಲ್ಲ. ಸರಿತಾ ಟೀಚರ್‌ದು. ನಮ್ಮ ಶಾಲಿ ಅತಿಥಿ ಶಿಕ್ಷಕಿ. ಹೆಸರು ಎಲ್ಲಾ ಅವರವ್ವ ಹೇಳ್ಯಾರ. ಅಲ್ಲಿ ಕುಂತಾರ ನೋಡ್ರಿ, ನೀಲಿ ಸೀರಿ. ಅವರೇ ಆ ಹೊಲದಾಗ ಹುಟ್ಟಿದವರು.' ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಕೇಳಿಸಿತು. ಮುನ್ನೂರು ತಲೆ ಬಾಗಿಲ ಕಡೆ ತಿರುಗಿದವು. ಯಾರೋ 'ಎದ್ದ್ ನಿಂದರ್ರಿ ಟೀಚರ್' ಅಂದರು, ಚಪ್ಪಾಳೆ ಶುರುವಾಯಿತು, ಅವಳು ಏಳಲೇಬೇಕಾಯಿತು. ಕೈ ಮುಗಿದು ನಿಂತಳು. ಇಬ್ಬರು ಫೋಟೋ ತೆಗೆದರು. ಒಬ್ಬ ಹೆಂಗಸು ಅವಳ ಸೀರೆಯನ್ನೂ ಪಾದವನ್ನೂ ನೋಡಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. 'ನಾ ಅವರ ಕಡಿಂದ ಕದ್ದೀನ್ರಿ' ಎಂದು ದತ್ತಾತ್ರಿ ಮತ್ತೆ ಮೈಕಿನಲ್ಲಿ ಹೇಳಿದ. ಸಭೆ ಪ್ರೀತಿಯಿಂದ ನಕ್ಕಿತು. 'ನೋಡ್ರಿ, ಎಂಥಾ ದೊಡ್ಡ ಮನಸು ಸರ್‌ದು' ಎಂದಳು ಆಯೆಷಾ ಮೇಡಂ, 'ಒಬ್ಬ ಅತಿಥಿ ಶಿಕ್ಷಕಿಗೂ ಪಾಲು ಕೊಟ್ಟರು.' ಶಾಲು ಅವನ ಹೆಗಲಿಗೆ ಬಿತ್ತು. ನೂರು ಹೆಸರಾಗಲಿ, ಪುಸ್ತಕ ಮಾಡೋಣ, ನೀವೇ ಬರೆಯಬೇಕು ಎಂದು ಅವಳು ಅಲ್ಲೇ ಘೋಷಿಸಿದಳು. ಅವನು ಬೇಡವೆನ್ನಲು ಬಾಯಿ ತೆರೆದ; ಅದನ್ನೂ ಇವರು ವಿನಯವೆಂದೇ ತಿಳಿಯುತ್ತಾರೆಂದು ಹೊಳೆದು ಮುಚ್ಚಿದ.

ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದ. ಶಾಲನ್ನು ಮಡಿಸಿ ಚೀಲಕ್ಕೆ ತುರುಕಿದ್ದ, ಅಂಚು ಹೊರಗೆ ಇಣುಕುತ್ತಿತ್ತು. ಹಣ್ಣಿನ ಬಂಡಿಗಳು, ಆಟೋಗಳು, ಬೀದರ್ ಬೀದರ್ ಎಂಬ ಕೂಗು. 'ಸರಿತಾ, ತಪ್ಪಾತು' ಅಂದ. ಅವಳು ಫಲಕ ಓದುತ್ತಿದ್ದಳು. 'ಚಲೋ ಹೇಳಿದ್ರಿ ಸರ್. ಎಲ್ಲಾರೂ ಕೇಳಿದ್ರು.' 'ಹಂಗನಬ್ಯಾಡ. ಬೈದ್ಬಿಡು.' ಅವನು ಏಕವಚನಕ್ಕೆ ಇಳಿದಿದ್ದ, ಅವಳು ಇಳಿಯಲಿಲ್ಲ. 'ನಿಮಗ ಹ್ಯಾಂಗ ಬೈಯ್ಲಿರಿ? ಜೂನದಾಗ ಮತ್ತ ನಿಮ್ಮೆಲ್ಲಾರ ಮುಂದೇ ಬರಬೇಕಲ್ರಿ ಅರ್ಜಿ ಹಿಡಕೊಂಡು.' ಬಸವಕಲ್ಯಾಣದ ಬಸ್ಸು ಬಂತು. ಹೆಂಗಸರ ನಡುವೆ ನುಗ್ಗಿ ಹತ್ತಿದಳು. ಒಳಗೆ ಕಂಬಿ ಹಿಡಿದು ನಿಂತದ್ದು ಕಿಟಕಿಯಲ್ಲಿ ಸ್ವಲ್ಪ ಹೊತ್ತು ಕಂಡಿತು. ಮನೆಯಲ್ಲಿ ದ್ರೌಪತಿ ಶಾಲನ್ನು ಬಿಡಿಸಿ ಬೆಳಕಿಗೆ ಹಿಡಿದು, ಜರಿ ಚಲೋ ಅದ ಅಂದಳು. ಅವನು ಕೈಕಾಲು ತೊಳೆಯಲು ಹೋದವನು ಬಹಳ ಹೊತ್ತು ನಲ್ಲಿಯ ಕೆಳಗೆ ನಿಂತ.

ರವಿವಾರ ಹೋಗಬಾರದು ಎಂದುಕೊಂಡಿದ್ದ. ಒಂಬತ್ತು ಗಂಟೆಗೆ ಬಸ್ಸಿನಲ್ಲಿದ್ದ. ಕ್ಷಮೆ ಕೇಳಲು ಹೋಗುತ್ತಿದ್ದೇನೆ ಎಂದು ತನಗೆ ಹೇಳಿಕೊಂಡ, ಆದರೆ ಜೇಬಿನಲ್ಲಿ ಪೆನ್ನಿತ್ತು, ಹಳ್ಳದಾಚೆಗಿನ ಹೊಲಗಳು ಇನ್ನೂ ಉಳಿದಿವೆ ಎಂಬುದು ಅವನಿಗೆ ನೆನಪಿತ್ತು, ನೆನೆದಾಗ ಬಾಯಲ್ಲಿ ನೀರೂರುವಂತೆ ಆಗುತ್ತಿತ್ತು. ಊರಿನಲ್ಲಿ ಸರಿತಾಳ ಮನೆಗೆ ಬೀಗ. ಪಕ್ಕದ ಮನೆಯವರು ಹಳ್ಳದ ಕಡೆ ಕೈ ತೋರಿಸಿದರು. ಸೋಯಾದಲ್ಲಿ ಎಂಟು ಹೆಂಗಸರು ಸಾಲು ಹಿಡಿದು ಕೂತು ಖುರಪಿಯಿಂದ ಕಸ ತೆಗೆಯುತ್ತಿದ್ದರು, ಸರುಬಾಯಿ ಮೂರನೆಯವಳು. ಅವನನ್ನು ಕಂಡೊಡನೆ ಅವರ ಮಾತು ನಿಂತಿತು. ಅವನು ಬದುವಿನ ಮೇಲೆ ನಿಂತ. ಒಳಗೆ ಇಳಿದರೆ ಬೆಳೆ ತುಳಿಯಬೇಕು.

'ಅವ್ವಾ, ಆರಾಮಿದ್ದೀರಿ?'

'ಹೂಂರಿ ಸರ್. ಆರಾಮ ಇದ್ದೀವಿ.' ಖುರಪಿ ನಿಲ್ಲಲಿಲ್ಲ.

'ಸರಿತಾ...'

'ಕಲ್ಯಾಣಕ್ಕ ಹೋಗ್ಯಾಳ್ರಿ.'

ಕ್ಷಮೆಯ ಮಾತನ್ನು ಎಂಟು ಜನರ ಮುಂದೆ ಹೇಗೆ ಹೇಳುವುದೆಂದು ಅವನಿಗೆ ತಿಳಿಯಲಿಲ್ಲ. ಬೇರೆ ಏನಾದರೂ ಮಾತಾಡಬೇಕಿತ್ತು. ಅವನಿಗೆ ಬರುವ ಮಾತು ಒಂದೇ ಉಳಿದಿತ್ತು. 'ಈ ಹೊಲಕ್ಕ ಏನಂತಾರ್ರವ್ವಾ?'

ಸರುಬಾಯಿ ತಲೆಯೆತ್ತಿದಳು. ಅವನನ್ನು ನೋಡಿದಳು, ಆಮೇಲೆ ಹೊಲವನ್ನು ಒಮ್ಮೆ ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದಳು, ಮೊದಲ ಸಲ ನೋಡುವವಳಂತೆ.

'ಇದಕ್ಕೇನ್ ಹೆಸರಿಲ್ರಿ ಸರ್' ಅಂದಳು. 'ಹೊಲ ಅದ.'

'ಅದಕ್ಕರಿ? ಆ ಬೇವಿನಗಿಡದ್ದು?'

'ಅದೂ ಹೊಲಾನೇರಿ.'

ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಉಳಿದ ಹೆಂಗಸರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಸರುಬಾಯಿ ಕಿತ್ತ ಕಸವನ್ನು ಪಕ್ಕಕ್ಕೆ ಎಸೆದು, ಕೂತಲ್ಲಿಂದಲೇ ಒಂದು ಹೆಜ್ಜೆ ಮುಂದೆ ಸರಿದಳು, ಅವಳ ಜೊತೆ ಇಡೀ ಸಾಲು ಸರಿಯಿತು. ಸ್ವಲ್ಪ ದೂರ ಹೋದ ಮೇಲೆ ಅವರ ಮಾತು ಮತ್ತೆ ಶುರುವಾಯಿತು, ಯಾರೋ ಏನೋ ಅಂದರು, ಎಲ್ಲರೂ ನಕ್ಕರು, ಗಾಳಿ ಆ ಕಡೆಗಿದ್ದುದರಿಂದ ಒಂದು ಶಬ್ದವೂ ಅವನಿಗೆ ತಿಳಿಯಲಿಲ್ಲ. ಅವನು ಪೆನ್ನು ಹಿಡಿದು ಬದುವಿನ ಮೇಲೆಯೇ ನಿಂತಿದ್ದ.